ಕಳವಿಲ್ಲದ ಕಂಪ್ಯೂಟರು

ಭೀಮಕ್ಕ ಲೇಬಲ್ಲಿನ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು, ಕಡೆಗೆ ನನ್ನ ಮೇಜಿನ ಮೇಲಿಟ್ಟು ಚಿತ್ರದ ಮೇಲೆ ಬೆರಳಿನಿಂದ ತಟ್ಟಿದಳು.

“ಇದು ಯಾರ ಮನಿ ಆಕಳಾ, ರಾಜವ್ವಾ?”

“ಕಂಪ್ಯೂಟರಿನ್ಯಾಗ ಇದ್ದದ್ದರೀ ಭೀಮಕ್ಕಾ. ಛಲೋ ಐತಲ್ಲಾ, ಕೆಚ್ಚಲ ತುಂಬೇತಿ.”

“ತುಂಬಿದ್ರ ತುಂಬಲಿ. ನಾ ಮಾರೂದು ಎಮ್ಮಿ ತುಪ್ಪ. ಇದರ ಮಾರಿ ನೋಡಿದ್ರ ಖಾನಾಪುರದ ಹುಲ್ಲು ಒಮ್ಮಿನೂ ಮೂಸಿ ನೋಡಿದಂಗ ಕಾಣಂಗಿಲ್ಲ.”

ಅವಳು ಹೇಳಿದ್ದು ಖರೆ. ಕಂದು ಬಿಳಿ ಮಚ್ಚೆಯ ಆ ಆಕಳು ಎಲ್ಲಿಯದೋ ಏನೋ. ಚಿತ್ರ ತೆಗೆಯುವ ಪ್ರೋಗ್ರಾಮಿನ ಜೊತೆಗೆ ಸಾವಿರಾರು ಸಿದ್ಧ ಚಿತ್ರಗಳು ಬಂದಿದ್ದವು. ಗಣಪತಿ ಬೇಕೆಂದರೆ ಗಣಪತಿ, ಗುಲಾಬಿ ಬೇಕೆಂದರೆ ಗುಲಾಬಿ. ಎಮ್ಮೆ ಮಾತ್ರ ಇರಲಿಲ್ಲ. ನಾಲ್ಕು ವರ್ಷದಿಂದ ನಾನು ಅದೇ ಚಿತ್ರಗಳನ್ನು ಎತ್ತಿ ಎತ್ತಿ ಅಂಟಿಸಿ ಮದುವೆ ಕಾರ್ಡು, ಅಗರಬತ್ತಿ ಪುಡಿಕೆ, ಸೀರೆ ಡಬ್ಬಿ ಎಲ್ಲ ಮಾಡಿಕೊಟ್ಟಿದ್ದೆ. ಕೇಳಿದವರಿಲ್ಲ. ಭೀಮಕ್ಕನೇ ಮೊದಲು ಕೇಳಿದವಳು.

“ಚೌತಿಗೆ ಒಂದು ವಾರ ಮೊದಲ ಲೇಬಲ್ಲು ನನ್ನ ಕೈಯಾಗ ಇರ್ಬೇಕು,” ಎಂದಳು. “ಮೋದಕಕ್ಕ ಮಂದಿ ತುಪ್ಪ ಒಯ್ಯೂದು ಆವಾಗ. ಎಮ್ಮಿ ಇರ್ಬೇಕು. ನೋಡಿದ ಕೂಡಲೇ ಎಮ್ಮಿ ಅನ್ನಬೇಕು.”

ಒಪ್ಪಿಕೊಂಡೆ. ಆ ವಾರವೇ ಕಂಪ್ಯೂಟರ್ ಮಲಗಿಬಿಟ್ಟಿತು.

ನಮ್ಮದು ಬೆಳಗಾವಿಯ ಶಹಾಪುರದಲ್ಲಿ ಒಂದು ಚಿಕ್ಕ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಎಡಕ್ಕೂ ಬಲಕ್ಕೂ ಮಗ್ಗದ ಮನೆಗಳು. ದಿನವಿಡೀ ಖಟಖಟ ಸದ್ದಿನಲ್ಲೇ ಮಾತು, ಅದರಲ್ಲೇ ಕೆಲಸ. ಅಂಗಡಿ ನನ್ನ ಮಾವ ಜಿನಪಾಲ ಅವರದು. ಮೊದಲು ಅಕ್ಷರ, ಚಿತ್ರ ಎಲ್ಲವನ್ನೂ ಅವರೇ ಕುಂಚದಿಂದ ಬರೆಯುತ್ತಿದ್ದರು. ನಾನು ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದ ಮೇಲೆ ಅವರ ಕುಂಚಗಳು ತಗಡಿನ ಡಬ್ಬಿ ಸೇರಿದವು. ಅವರು ಚೌಕಟ್ಟಿಗೆ ಜಾಲರಿ ಬಟ್ಟೆ ಬಿಗಿದು, ಅದರ ಮೂಲಕ ಕಾಗದಕ್ಕೆ ಶಾಯಿ ಎಳೆಯುವ ಕೆಲಸವನ್ನಷ್ಟೇ ಇಟ್ಟುಕೊಂಡರು. ನನ್ನ ಗಂಡ ವಿಪುಲ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತ. ಅವರಿಗೆ ಶಾಯಿಯ ವಾಸನೆಗೇ ತಲೆ ನೋಯುತ್ತದೆ.

ಕಂಪ್ಯೂಟರ್ ನೋಡಲು ಈರಣ್ಣನನ್ನು ಕರೆಸಿದೆವು. ನಮ್ಮ ಓಣಿಯಲ್ಲಿ ರಿಪೇರಿ ಎಂದರೆ ಅವನೇ. ವೈರಸ್ ಹೊಕ್ಕಿದೆ, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು ಎಂದು ಚೀಲದಿಂದ ಸಿಡಿಗಳ ಕಟ್ಟು ತೆಗೆದ. ಯಾವುದಕ್ಕೂ ಹೊದಿಕೆ ಇಲ್ಲ, ಮೇಲೆ ಪೆನ್ನಿನಿಂದ ಗೀಚಿದ ಹೆಸರು.

“ಕಾಕಾ, ಕಾಳಜಿ ಮಾಡಬ್ಯಾಡ್ರಿ. ಚಿತ್ರ ತೆಗಿಯೂದು, ಅಕ್ಷರ ಹೊಡಿಯೂದು, ಎಲ್ಲಾ ಇದರಾಗ ಐತಿ. ಇಡೀ ಬೆಳಗಾವಿ ಇದೊಂದ ಸಿಡಿ ಮ್ಯಾಲ ನಡದೈತ್ರಿ.”

ಮಾವನವರು ಚೌಕಟ್ಟು ಒರೆಸುತ್ತಿದ್ದವರು ಕೈ ನಿಲ್ಲಿಸಿದರು. “ಒಂದ ಸಿಡಿ? ಹಂಗಾರ ಅದನ್ನ ಮಾಡಿದವಗ ಏನ ಸಿಕ್ತು?”

ನಾನು ಮೇಜಿನ ಕೆಳಗಿನಿಂದ ಈರಣ್ಣನ ಕಾಲು ತುಳಿದೆ. ಅವನಿಗೆ ತಿಳಿಯಲಿಲ್ಲ.

“ಅವಾ ಎಲ್ಲೋ ಅಮೇರಿಕಾದಾಗ ಅದಾನ್ರಿ. ಅವಗ ಗೊತ್ತಾದ್ರ ತಾನ!” ಎಂದು ನಕ್ಕ.

ಮಾವನವರು ನಗಲಿಲ್ಲ. ಆ ವರ್ಷ, ಅಂದರೆ ಎರಡು ಸಾವಿರದ ಎರಡರಲ್ಲಿ, ನಮ್ಮ ಬಸದಿಯಲ್ಲಿ ಮುನಿ ಮಹಾರಾಜರೊಬ್ಬರ ಚಾತುರ್ಮಾಸ ನಡೆದಿತ್ತು. ಮಾವನವರು ಅವರ ಮುಂದೆ ಕೈಮುಗಿದು ಕಳವು ಮಾಡುವುದಿಲ್ಲವೆಂಬ ಅಣುವ್ರತ ತೆಗೆದುಕೊಂಡು ತಿಂಗಳೂ ಆಗಿರಲಿಲ್ಲ. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದೇ ಕಳವು ಎಂದು ಮಹಾರಾಜರು ಬಿಡಿಸಿ ಹೇಳಿದ್ದರು. ಅಂದಿನಿಂದ ಮಾವನವರು ಪಕ್ಕದ ಮನೆಯ ಕರಿಬೇವನ್ನೂ ಕೇಳದೆ ಮುರಿಯುತ್ತಿರಲಿಲ್ಲ.

“ಈರಣ್ಣಾ, ಸಿಡಿ ಚೀಲದಾಗ ಇಟಗೋ,” ಎಂದರು. ನನ್ನ ಕಡೆ ತಿರುಗಿ, “ರಾಜಿ, ನಾಲ್ಕು ವರ್ಷ ಇದನ್ನ ನಡಿಸೇವೇನು ನಾವು?”

“ಎಲ್ಲಾರೂ ನಡಸ್ತಾರ್ರಿ ಮಾವಾರ.”

“ಎಲ್ಲಾರೂ ವ್ರತ ತಗೊಂಡಿಲ್ಲ. ನಾ ತಗೊಂಡೀನಿ.”

ಅಸಲಿ ಪ್ರೋಗ್ರಾಮಿನ ಬೆಲೆ ವಿಚಾರಿಸಿದೆ. ನಮ್ಮ ಅಂಗಡಿಯ ಸಾಮಾನೆಲ್ಲ ಮಾರಿದರೂ ಸಾಲುತ್ತಿರಲಿಲ್ಲ. ಸಂಜೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಕೈ ತೊಳೆದು ಬಂದ ಮಾವನವರು ತೀರ್ಮಾನ ಹೇಳಿದರು.

“ಚೌತಿ ತನಕಾ ನೋಡ್ತೀನಿ. ಭೀಮಕ್ಕನ ಲೇಬಲ್ಲು ಕಳವಿಲ್ಲದ ಆಗ್ತೈತಿ ಅಂದ್ರ ಮಿಷನ್ನು ಇರಲಿ. ಇಲ್ಲಾಂದ್ರ ಮಾರೂಣು. ಮೊದಲ ಕುಂಚದಾಗ ನಡಸಿಲ್ಲೇನು?”

ವಿಪುಲ ನನಗೆ ಸಮಾಧಾನ ಹೇಳಲು ಬಂದರು. “ಮಾರಿದ್ರ ಮಾರಲಿ ಬಿಡು. ನಿನಗೂ ಒಂದೀಟು ಆರಾಮ.”

ಆ ಆರಾಮ ಯಾವುದೆಂದು ನನಗೆ ಗೊತ್ತಿತ್ತು. ಬೆಳಗ್ಗೆ ರೊಟ್ಟಿ, ಮಧ್ಯಾಹ್ನ ಪಾತ್ರೆ, ಸಂಜೆ ಮತ್ತೆ ರೊಟ್ಟಿ. ಆ ಕೆಲಸಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಕುರ್ಚಿಯ ಮೇಲೆ ಕೂತಾಗ ಮಂದಿ ನನ್ನ ಹೆಸರು ಹಿಡಿದು ಕೇಳಿಕೊಂಡು ಬರುತ್ತಿದ್ದರು. ಜಿನಪಾಲರ ಸೊಸೆ ಎಂದು ಅಲ್ಲ, ರಾಜಮತಿ ಎಂದು. ಆ ಕುರ್ಚಿ ಬಿಡಲು ನಾನು ತಯಾರಿರಲಿಲ್ಲ.

ಮರುದಿನವೇ ಮಾಲಾಗೆ ಫೋನ್ ಮಾಡಿದೆ. ಕಂಪ್ಯೂಟರ್ ಕ್ಲಾಸಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಖಾನಾಪುರದ ಕಡೆಯ ದನಗಾಹಿ ಮನೆತನದ ಹುಡುಗಿ, ಈಗ ನೆಹರು ನಗರದ ಒಂದು ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ನೌಕರಿ. ಭೀಮಕ್ಕ ಅವಳ ಚಿಗವ್ವ. ಭೀಮಕ್ಕನನ್ನು ನಮ್ಮ ಅಂಗಡಿಗೆ ಕಳಿಸಿದವಳೂ ಅವಳೇ.

ನನ್ನ ಕಥೆ ಕೇಳಿ ಮಾಲಾ ಫೋನಿನಲ್ಲೇ ನಕ್ಕಳು. “ಅಯ್ಯ, ಇಷ್ಟ ಹೌದಲ್ಲ? ರವಿವಾರ ಬರ್ತೀನಿ. ನಿಮ್ಮ ಮಾವಾರಿಗೆ ಚಹಾ ಕುಡಿಸಿ ಕುಂದರಿಸಿರು.”

ರವಿವಾರ ಅವಳು ಹೊದಿಕೆ ಇದ್ದ ಎರಡು ಸಿಡಿ ತಂದಳು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದವು. ಒಂದರಲ್ಲಿ ಇಡೀ ಕಂಪ್ಯೂಟರ್ ನಡೆಸುವ ಲಿನಕ್ಸ್, ಇನ್ನೊಂದರಲ್ಲಿ ಚಿತ್ರ ತೆಗೆಯುವ ಗಿಂಪ್.

“ಜಗತ್ತಿನ ಮಂದಿ ಕೂಡಿ ಮಾಡಿ, ಪುಕ್ಕಟೆ ಬಿಟ್ಟಾರ್ರಿ ಕಾಕಾ,” ಎಂದಳು.

ಮಾವನವರ ಹುಬ್ಬು ಮೇಲೇರಿತು. “ಬಿಟ್ಟಾರೋ, ಕೊಟ್ಟಾರೋ? ರಸ್ತೆದಾಗ ಬಿಟ್ಟ ಚಪ್ಪಲ್ಲೂ ಬ್ಯಾರೇದವರದ.”

“ಕೊಟ್ಟಾರ್ರಿ. ಬರದ ಕೊಟ್ಟಾರ.”

“ಓದು.”

ಮಾಲಾ ಒಂದೆರಡು ಸಾಲು ಓದಿ ನಿಲ್ಲಿಸಲು ನೋಡಿದಳು. ಮಾವನವರು ಬಿಡಲಿಲ್ಲ. ನಮ್ಮ ಮನೆಯಲ್ಲಿ ನೀರನ್ನು ಬಟ್ಟೆ ಕಟ್ಟಿ ಸೋಸಿ ಕುಡಿಯುತ್ತೇವೆ. ಮಾವನವರು ಆ ಪರವಾನಗಿಯ ಒಂದೊಂದು ಮಾತನ್ನೂ ಹಾಗೆಯೇ ಸೋಸಿದರು. ಮಾಲಾ ಇಂಗ್ಲಿಷಿನಲ್ಲಿ ಓದುವುದು, ಕನ್ನಡದಲ್ಲಿ ಹೇಳುವುದು, ನಡುನಡುವೆ ನೀರು ಕುಡಿಯುವುದು. ಯಾರಾದರೂ ಬಳಸಬಹುದು. ಒಳಗಿನದನ್ನು ಬಿಚ್ಚಿ ನೋಡಬಹುದು, ತಿದ್ದಬಹುದು. ನಕಲು ಮಾಡಿ ಇನ್ನೊಬ್ಬರಿಗೆ ಕೊಡಬಹುದು.

“ತಡಿ. ನಕಲು ಮಾಡಾಕನೂ ಅವರ ಹೇಳ್ಯಾರ?”

“ಹೂಂ ರಿ. ಕೊಡೂ ಮುಂದ ಒಂದ ಕರಾರು. ನಾವು ಯಾರಿಗೆ ಕೊಡ್ತೀವೋ ಅವರಿಗೂ ಇದ ಹಕ್ಕು ಕೊಡ್ಬೇಕು. ನಡುವ ಯಾರೂ ಕಟ್ಟಿ ಇಟಗೊಳ್ಳಂಗಿಲ್ಲ.”

ಮಾವನವರು ಸಿಡಿಯ ಹೊದಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಿ ನೋಡಿದರು.

“ಇದು ಶಾಸ್ತ್ರದಾನ,” ಎಂದರು ಕಡೆಗೆ. “ಹಿಂದಕ ನಮ್ಮ ಹಿರಿಯಾರು ತಾಳೆಗರಿ ಗ್ರಂಥ ನಕಲು ಮಾಡಿಸಿ ಊರೂರಿಗೆ ಕೊಡತಿದ್ರು. ಓದವರು ಓದ್ಲಿ, ಬರಕೊಳ್ಳವರು ಬರಕೊಳ್ಳಲಿ ಅಂತ. ಹಾಕ್ರಿ, ನೋಡೂಣು.”

ನಾನು ಮಾಲಾಳ ಕೈ ಹಿಡಿದು ಚಿವುಟಿದೆ. ಅವಳು ‘ಆಯ್’ ಎಂದಳು.

ಲಿನಕ್ಸ್ ಹೊಕ್ಕಿತು. ಹಳೆಯ ಲೇಸರ್ ಪ್ರಿಂಟರ್ ಮರುಮಾತಿಲ್ಲದೆ ಒಪ್ಪಿತು. ಗಿಂಪ್ ತೆರೆದಾಗ ಮೊದಲು ಒಂದು ಪ್ರಾಣಿಯ ಮುಖ ಬಂತು, ಬಾಯಲ್ಲಿ ಕುಂಚ ಕಚ್ಚಿಕೊಂಡು.

“ಇದೇನು, ನರಿಯೋ ನಾಯಿಯೋ?” ಎಂದರು ಮಾವನವರು. “ಏನರ ಇರಲಿ, ಬಾಯಾಗ ಕುಂಚ ಐತಿ. ನಮ್ಮ ಜಾತಿನ.”

ಆಮೇಲೆ ತೆರೆಯ ತುಂಬ ಕಿಟಕಿಗಳು. ಒಂದರಲ್ಲಿ ಸಾಮಾನು, ಒಂದರಲ್ಲಿ ಬಣ್ಣ, ಒಂದರಲ್ಲಿ ಚಿತ್ರ. ಮನೆ ಬದಲಿಸಿದ ದಿನ ಪಾತ್ರೆಗಳೆಲ್ಲ ಅಂಗಳದಲ್ಲಿ ಹರವಿದ ಹಾಗೆ ಕಂಡಿತು. ಕೈ ಹಳೆಯ ಜಾಗಕ್ಕೇ ಹೋಗುತ್ತಿತ್ತು, ಅಲ್ಲಿ ಬೇರೇನೋ ಇರುತ್ತಿತ್ತು. ಆದರೂ ಎದೆಯಲ್ಲಿ ಹೊಸ ಸೀರೆಯ ಮಡಿಕೆ ಬಿಚ್ಚುವಂಥ ಖುಷಿ. ಇಲ್ಲಿ ಸಿದ್ಧ ಆಕಳು ಇರಲಿಲ್ಲ, ಸಿದ್ಧ ಗುಲಾಬಿ ಇರಲಿಲ್ಲ. ಖಾಲಿ ಜಾಗ ಇತ್ತು.

“ಎಮ್ಮಿ ಎಲ್ಲಿಂದ ತರೂದು?” ಎಂದೆ.

“ಎಲ್ಲಿಂದ ಅಂದ್ರ? ಎಮ್ಮಿ ಇದ್ದಲ್ಲಿಂದ!” ಎಂದಳು ಮಾಲಾ.

ಮುಂದಿನ ರವಿವಾರ ಇಬ್ಬರೂ ಖಾನಾಪುರದ ಬಸ್ಸು ಹತ್ತಿದೆವು. ವಿಪುಲರ ಕ್ಯಾಮೆರಾ ನನ್ನ ಚೀಲದಲ್ಲಿ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಊರ ಹೊರಗೆ ಭೀಮಕ್ಕನ ಕೊಟ್ಟಿಗೆಯ ಹಿಂದೆ ಮೊಣಕಾಲುದ್ದ ಹುಲ್ಲು. ಅಲ್ಲಿ ನಿಂತಿತ್ತು ಅವಳ ಎಮ್ಮೆ ಚಂದ್ರಿ. ಕಪ್ಪೆಂದರೆ ಕಪ್ಪು, ಹಣೆಯ ಮೇಲೆ ಮಾತ್ರ ಅಂಗೈಯಗಲ ಬಿಳಿ ಚಂದ್ರ.

ಭೀಮಕ್ಕ ಅದರ ಕೊಂಬಿಗೆ ಎಣ್ಣೆ ಹಚ್ಚಿ, ಮೈ ತೊಳೆದು ತಯಾರು ಮಾಡಿದ್ದಳು. ಆದರೆ ನಾನು ಕ್ಯಾಮೆರಾ ಎತ್ತಿದಾಗಲೆಲ್ಲ ಚಂದ್ರಿ ಬೆನ್ನು ತಿರುಗಿಸಿತು.

“ಏ ಬಾಯಿ, ಇತ್ತಾಗ ನೋಡ. ಬೆಳಗಾವಿಂದ ಬಂದಾರ ನಿನ್ನ ಫೋಟೋಕ್ಕ,” ಎಂದು ಭೀಮಕ್ಕ ಅದರ ಗದ್ದ ಹಿಡಿದು ಎತ್ತಿದಳು. ಮಾಲಾ ಹುಲ್ಲು ಹಿಡಿದು ನನ್ನ ತಲೆಯ ಮೇಲೆ ಆಡಿಸಿದಳು. ಚಂದ್ರಿ ಕಿವಿ ನೆಟ್ಟಗೆ ಮಾಡಿ ನೇರ ನನ್ನನ್ನು ನೋಡಿತು. ಒತ್ತಿದೆ. ಮರುಕ್ಷಣ ಅದು ಹುಲ್ಲಿನ ಜೊತೆ ನನ್ನ ಸೆರಗನ್ನೂ ಎಳೆಯಿತು.

ಬಂದ ಮೇಲೆ ಇನ್ನೊಂದು ತೊಡಕು ಎದುರಾಯಿತು. ನಮ್ಮ ಹೊಸ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡುತ್ತಿರಲಿಲ್ಲ. ಒತ್ತುಗಳು ಒಂದು ಕಡೆ, ಅಕ್ಷರ ಒಂದು ಕಡೆ. ನಾನು ಕುಂಚಗಳ ತಗಡಿನ ಡಬ್ಬಿಯನ್ನು ತೆಗೆದು ಮಾವನವರ ಮುಂದೆ ಇಟ್ಟೆ.

“ಏನಿದು?”

“ಹೆಸರು ನೀವ ಬರಿಬೇಕ್ರಿ. ಇದಕ್ಕ ಕನ್ನಡ ಇನ್ನೂ ಬರೂದಿಲ್ಲ.”

“ಹಂಗಾರ ನನ್ನಕಿಂತ ಕಡಿಮಿ ಕಲತೈತಿ,” ಎಂದು ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಿ ನೋಡಿದರು. ‘ಚಂದ್ರಿ ಎಮ್ಮೆ ತುಪ್ಪ, ಖಾನಾಪುರ’ ಎಂದು ಬರೆದರು. ಒಂದು ಹಾಳೆ ಬರೆದು ಸಾಲದೆ ಇನ್ನೊಂದು, ಮತ್ತೊಂದು. ‘ತುಪ್ಪ’ದ ಪ ಒತ್ತಿನ ಬಾಲವನ್ನು ಹನಿ ಇಳಿದ ಹಾಗೆ ಇಳಿಬಿಟ್ಟರು. ಖಡೇಬಜಾರಿನ ಫೋಟೋ ಸ್ಟುಡಿಯೋದಲ್ಲಿ ಆ ಹಾಳೆಯನ್ನೂ ಎಮ್ಮೆಯ ಫೋಟೋವನ್ನೂ ಸ್ಕ್ಯಾನ್ ಮಾಡಿಸಿ ಫ್ಲಾಪಿಯಲ್ಲಿ ತಂದೆ.

ಮೂರು ಬಣ್ಣ ಸಾಕೆಂದು ಗೊತ್ತು ಮಾಡಿದೆವು. ಎಮ್ಮೆಗೆ ಕಪ್ಪು, ಹುಲ್ಲಿಗೆ ಹಸಿರು, ಅಕ್ಷರಕ್ಕೆ ತುಪ್ಪದ ಹಳದಿ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಚೌಕಟ್ಟು ಬೇಕು. ಹಳೆಯ ಪ್ರೋಗ್ರಾಮು ಬಣ್ಣಗಳನ್ನು ತಾನೇ ಬೇರೆ ಮಾಡಿ ಕೊಡುತ್ತಿತ್ತು. ಇಲ್ಲಿ ಹಾಗಿಲ್ಲ. ಚಿತ್ರದಲ್ಲಿ ಪದರಗಳನ್ನು ಮಾಡಿಕೊಳ್ಳಬಹುದು, ಒಂದೊಂದರಲ್ಲಿ ಒಂದೊಂದು ಬಣ್ಣ ಇಡು ಎಂದು ಮಾಲಾ ಹೇಳಿ ಹೋಗಿದ್ದಳು.

ಹೊಸ ಪದರ ಮಾಡಿದೆ. ನೋಡಿದರೆ ಅದರ ತುಂಬ ಬೂದು ಬಣ್ಣದ ಸಣ್ಣ ಸಣ್ಣ ಚೌಕಳಿ! ನಮ್ಮ ಓಣಿಯಲ್ಲಿ ಎದ್ದರೆ ಕೂತರೆ ಚೌಕಳಿ ಸೀರೆ. ಪ್ರೋಗ್ರಾಮು ಮಾಡಿದವರೂ ಅಂದಕ್ಕೆಂದು ಚೌಕಳಿ ಹಾಕಿದ್ದಾರೆ ಎಂದುಕೊಂಡೆ. ಲೇಬಲ್ಲಿಗೆ ಅದು ಬೇಡ. ಮೂರೂ ಪದರಗಳಿಗೆ ಬಿಳಿ ಬಣ್ಣ ಸುರಿದು ಚೌಕಳಿ ಮುಚ್ಚಿದೆ. ಈಗ ಮೇಲಿನ ಪದರ ಕೆಳಗಿನದನ್ನು ನುಂಗಿತು. ಹುಲ್ಲು ಬರೆದರೆ ಎಮ್ಮೆ ಮಾಯ, ಅಕ್ಷರ ಇಟ್ಟರೆ ಹುಲ್ಲೂ ಮಾಯ. ಏನು ಮಾಡಿದರೂ ಒಂದೇ ಕಾಣುತ್ತಿತ್ತು. ಕಡೆಗೆ ಒಂದೊಂದನ್ನು ಬೇರೆ ಬೇರೆ ಚಿತ್ರವಾಗಿ ಮಾಡಿ, ಕಣ್ಣಂದಾಜಿನಲ್ಲಿ ಕೂಡಿಸಿ, ಬೆಳಕು ಹಾಯುವ ಬಟರ್ ಪೇಪರಿನ ಮೇಲೆ ತೆಗೆದೆ.

ಮಾವನವರು ಆ ಮೂರನ್ನೂ ಚೌಕಟ್ಟಿಗೆ ಇಳಿಸಿ ಒಂದು ಮಾದರಿ ಹೊಡೆದರು. ಬೆಳಕಿಗೆ ಹಿಡಿದು ನೋಡಿದರು.

“ರಾಜಿ, ಎಮ್ಮಿ ಹಾರಾಕತ್ತೈತಲ್ಲ.”

ಹೌದು. ಹುಲ್ಲು ಕೆಳಗೆ, ಚಂದ್ರಿಯ ಕಾಲು ಅದಕ್ಕಿಂತ ಎರಡು ಬೆರಳು ಮೇಲೆ. ಅಕ್ಷರ ಅದರ ಕೊಂಬಿಗೆ ಸಿಕ್ಕಿಕೊಂಡಿತ್ತು. ವಿಪುಲ ಬಾಗಿಲಲ್ಲೇ ನಿಂತು ನಗು ತಡೆಯಲಾರದೆ ಹೊರಗೆ ಹೋದರು.

“ಆತು ಬಿಡವಾ. ಕೈಲಾದಷ್ಟು ಖಟಪಟಿ ಮಾಡಿದಿ,” ಎಂದರು ಮಾವನವರು. ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಕೊಳ್ಳುವವರನ್ನು ನೋಡುವಂತೆ ನಾಳೆ ಈರಣ್ಣನಿಗೆ ಹೇಳುತ್ತಾರೆ ಎಂದುಕೊಂಡೆ. ಚೌತಿ ಹತ್ತಿರ ಬಂದಿತ್ತು. ಭೀಮಕ್ಕನಿಗೆ ಕೊಟ್ಟ ಮಾತು ಬೇರೆ.

ಮರುದಿನ ಬೆಳಗ್ಗೆ ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದೆ. ಮಾವನವರು ಬೇರೆ ಕೆಲಸಕ್ಕೆಂದು ಹೊಸ ಚೌಕಟ್ಟಿಗೆ ಬಟ್ಟೆ ಬಿಗಿದು, ತೂತು ಇದೆಯೇ ಎಂದು ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿದರು. ಖಾಲಿ ಬಟ್ಟೆ. ಅದರ ಎಳೆಗಳು ಸಣ್ಣ ಸಣ್ಣ ಚೌಕಳಿಯಾಗಿ ಕಂಡವು. ಆ ಚೌಕಳಿಯ ಆಚೆಗೆ ಕಿಟಕಿ, ಕಿಟಕಿಯ ಆಚೆಗೆ ಎದುರು ಮನೆಯ ಕಟ್ಟೆ, ಕಟ್ಟೆಯ ಮೇಲೆ ನೂಲು ಸುತ್ತುವ ಮುದುಕಿ. ಎಲ್ಲವೂ ಕಾಣುತ್ತಿತ್ತು.

ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು.

“ಮಾವಾರ! ಹಂಗ ಹಿಡಕೊಂಡ ನಿಂದರ್ರಿ! ಚೌಕಳಿ ಅಂದ್ರ ಖಾಲಿ ರೀ! ಬರೇ ಬಟ್ಟಿ! ಅಲ್ಲಿ ಏನೂ ಇಲ್ಲಂತ ತೋರಸಾಕ ಹಾಕ್ಯಾರ. ನಾ ಅದನ್ನ ಬಿಳಿ ಬಣ್ಣ ಹೊಡದು ಮುಚ್ಚೀನಿ!”

“ಚೌಕಟ್ಟಿಗೆ ಬಣ್ಣ ಬಳದಂಗ ಆತು,” ಎಂದರು ಅವರು, ಚೌಕಟ್ಟು ಇಳಿಸದೆ. ಆಮೇಲೆ ನಿಧಾನವಾಗಿ, “ಅಂದ್ರ ಒಂದೊಂದ ಪದರು ಒಂದೊಂದ ಚೌಕಟ್ಟೇನು?”

“ಹೌದ್ರಿ! ಮೂರು ಚೌಕಟ್ಟು ಒಂದರ ಮ್ಯಾಲ ಒಂದು ಇಟ್ಟ ನೋಡಿದಂಗ!”

“ತಡಿ, ತಡಿ,” ಎಂದು ಚೌಕಟ್ಟನ್ನು ಗೋಡೆಗೆ ಒರಗಿಸಿ, ಸ್ಟೂಲು ಎಳೆದುಕೊಂಡು ನನ್ನ ಬಾಜೂಕ್ಕೆ ಬಂದು ಕೂತರು. ನಾಲ್ಕು ವರ್ಷದಲ್ಲಿ ಅವರು ಆ ತೆರೆಯ ಮುಂದೆ ಕೂತದ್ದು ಅದೇ ಮೊದಲು.

ಬಿಳಿಯನ್ನೆಲ್ಲ ಅಳಿಸಿದೆ. ಚೌಕಳಿ ಮತ್ತೆ ಮೂಡಿತು. ಎಮ್ಮೆಯ ಪದರದ ಮೇಲೆ ಹುಲ್ಲಿನ ಪದರ ಇಟ್ಟಾಗ ಎರಡೂ ಕಂಡವು. ಹುಲ್ಲನ್ನು ಮೇಲಕ್ಕೆ ಸರಿಸಿದೆ. ಚಂದ್ರಿ ನೆಲಕ್ಕೆ ಇಳಿಯಿತು.

“ಇನ್ನೊಂದೀಟು ಏರಸು,” ಎಂದರು ಮಾವನವರು. “ಗೊರಸು ಮುಳಗ್ಲಿ. ಹುಲ್ಲಿನ್ಯಾಗ ನಿಂತ ಎಮ್ಮಿಗೆ ಗೊರಸು ಕಾಣೂದಿಲ್ಲ. ಹಾಂ, ಬಸ್! ಈಗ ನನ್ನ ಅಕ್ಷರ ತಾ. ಎಡಕ್ಕ. ಎಡಕ್ಕ ಅಂದ್ನಿ, ನಿನ್ನ ಎಡಕ್ಕಲ್ಲ, ಎಮ್ಮಿ ಎಡಕ್ಕ!”

ಕಡೆಯ ಕೆಲಸ ಹಣೆಯ ಚಂದ್ರ. ಬಿಳಿ ಶಾಯಿ ಬೇಕಿರಲಿಲ್ಲ, ಬಿಳಿ ಕಾಗದವೇ ಇದೆಯಲ್ಲ. ಕಪ್ಪು ಪದರದಲ್ಲಿ ಹಣೆಯಷ್ಟು ಜಾಗ ಅಳಿಸಿದೆ. ಆ ಜಾಗದಲ್ಲಿ ಚೌಕಳಿ ಇಣುಕಿತು. ಈ ಸಲ ನಾನು ಅದನ್ನು ನೋಡಿ ನಕ್ಕೆ.

ಮಧ್ಯಾಹ್ನದ ಹೊತ್ತಿಗೆ ಮಾದರಿ ಒಣಗಿತ್ತು. ಎಮ್ಮೆ ಹುಲ್ಲಿನಲ್ಲಿ ಭದ್ರವಾಗಿ ನಿಂತಿತ್ತು, ಕಿವಿ ನೆಟ್ಟಗೆ, ಯಾರೋ ತನ್ನ ಹೆಸರು ಹಿಡಿದು ಕರೆದ ಹಾಗೆ. ಮಾಲಾ ಡ್ಯೂಟಿ ಮುಗಿಸಿ ನೆಹರು ನಗರದಿಂದ ನೇರ ಬಂದಳು. ಖಾನಾಪುರದಿಂದ ಭೀಮಕ್ಕನೂ ಬಂದಿದ್ದಳು. ಕಾಗದವನ್ನು ಅವಳ ಕೈಗೆ ಕೊಟ್ಟೆ. ಈ ಸಲ ಅವಳು ಅದನ್ನು ಹತ್ತಿರ, ದೂರ ಹಿಡಿದು ನೋಡಲಿಲ್ಲ.

“ಅಗೋ, ನಮ್ಮ ಚಂದ್ರಿ!” ಎಂದಳು. ಚಿತ್ರದ ಕಿವಿಯ ಮೇಲೆ ಬೆರಳಾಡಿಸಿ, “ಇಷ್ಟ ಶಾಣ್ಯಾಕಿ ಅಲ್ಲ ಆಕಿ. ಇದರಾಗ ಭಾಳ ಶಾಣ್ಯಾಕಿ ಕಂಡಾಳ. ಇರಲಿ ಬಿಡ್ರಿ, ಮದುವಿ ಫೋಟೋದಾಗ ನಾನೂ ಹಂಗ ಕಂಡೀನಿ.”

ಲೇಬಲ್ಲು ಹೇಳಿದ ಹೊತ್ತಿಗೆ ಖಾನಾಪುರ ಸೇರಿತು. ಚೌತಿ ಬಂತು, ಅದರ ಬೆನ್ನಿಗೇ ನಮ್ಮ ದಶಲಕ್ಷಣ ಪರ್ವವೂ ಬಂತು. ಕಂಪ್ಯೂಟರ್ ಮಾರುವುದಿಲ್ಲ ಎಂದು ಮಾವನವರು ಮಾತ್ರ ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

ಪರ್ವದಲ್ಲಿ ತ್ಯಾಗದ ದಿನ ಎಂದು ಒಂದಿದೆ. ಆ ದಿನ ಕೈಲಾದ ದಾನ ಮಾಡುತ್ತೇವೆ. ಬಸದಿಯಿಂದ ಬಂದ ಮಾವನವರು, “ರಾಜಿ, ಆ ಎರಡು ಸಿಡಿ ತಗೋ. ನಡಿ,” ಎಂದರು. ದಾರಿಯಲ್ಲಿ ಒಂದು ಕಟ್ಟು ಖಾಲಿ ಸಿಡಿ ಕೊಂಡು ನೇರ ಈರಣ್ಣನ ರಿಪೇರಿ ಅಂಗಡಿಗೆ ನಡೆದರು. ನಮ್ಮನ್ನು ನೋಡಿ ಈರಣ್ಣ ಗಲ್ಲಾದಿಂದ ಎದ್ದು ನಿಂತ.

“ಈರಣ್ಣಾ, ನಿನ್ನ ಕಡೆ ಸಿಡಿ ನಕಲು ಮಾಡೂ ಮಿಷನ್ನು ಐತಲ್ಲ? ಇವನ್ನ ನಕಲು ಮಾಡು. ಈ ಕಟ್ಟು ಮುಗಿಯೂ ತನಕಾ ಮಾಡು.”

ಈರಣ್ಣನ ಮುಖ ನೋಡಬೇಕಿತ್ತು. ರಸ್ತೆಯ ಎರಡೂ ಕಡೆ ಕಣ್ಣಾಡಿಸಿ, ದನಿ ಇಳಿಸಿ, “ಒಳಗ ಬರ್ರಿ ಕಾಕಾ, ಬಾಗಲಾ ಮುಂದ ಮಾಡ್ತೀನಿ,” ಎಂದ.

“ಬಾಗಲಾ ಯಾಕ ಮುಂದ ಮಾಡ್ತಿ?” ಮಾವನವರ ದನಿ ಎದುರಿನ ಚಹಾ ಅಂಗಡಿಗೂ ಕೇಳಿಸಿತು. “ಎರಡೂ ಕದಾ ತಗಿ! ಇದನ್ನ ಕೊಟ್ಟವರ ಹೇಳ್ಯಾರ ನಕಲು ಮಾಡ್ರಿ ಅಂತ. ಶಹಾಪುರದಾಗ ಎಷ್ಟು ಪ್ರಿಂಟಿಂಗ್ ಅಂಗಡಿ ಅದಾವೋ ಅಷ್ಟಕ್ಕೂ ಒಂದೊಂದು ಕೊಡ್ತೀನಿ.”

“ಕೊಟ್ರ ಮಂದಿಗೆ ನಡಸಾಕ ಬರ್ಬೇಕಲ್ರಿ? ಹೊಸಾದು, ಎಲ್ಲಾ ಉಲ್ಟಾ ಇರ್ತೈತಿ. ಯಾರು ಕಲಸವ್ರು?”

ಮಾವನವರು ನನ್ನ ಕಡೆ ನೋಡದೆ, ಅದೊಂದು ಕೇಳುವ ಮಾತೇ ಅಲ್ಲ ಎನ್ನುವಂತೆ ಹೇಳಿದರು.

“ರಾಜಮತಿ ಕಲಸ್ತಾಳ. ನಮ್ಮ ಅಂಗಡ್ಯಾಗ, ಆಕಿ ಮಿಷನ್ನಿನ ಮುಂದ. ಬಾಜೂಕ ಎರಡು ಸ್ಟೂಲು ಹಾಕಿಸ್ತೀನಿ. ಬರವರು ಬರ್ಲಿ.”

ಈರಣ್ಣ ತಲೆ ಕೆರೆದುಕೊಳ್ಳುತ್ತ ಹೋಗಿ ಎರಡನೆಯ ಕದವನ್ನೂ ತೆರೆದ. ನಾನು ಮೊದಲ ಸಿಡಿಯನ್ನು ಅವನ ಕೈಗೆ ಕೊಟ್ಟೆ.